ಎರೆ ಹೊಲದಲ್ಲಿ ಪರದೆ ಟೆಂಟ್

ಪ್ರಶ್ನೆ: ಗದಗ ಹತ್ತಿರದ ನಮ್ಮ ಎರೆ ಹೊಲದಲ್ಲಿ ಊಟಕ್ಕೆ ಕೂರಲು ಸೊಳ್ಳೆ ಪರದೆಯ ಮಡಚುವ ಟೆಂಟ್ ಹಾಕುತ್ತೇವೆ. ಗಾಳಿಗೆ ಗೂಟ ಕೀಳುತ್ತವೆ, ಸೊಳ್ಳೆಯೂ ಒಳಗೆ ಬರುತ್ತವೆ. ಏನು ಮಾಡಬೇಕು?

ಉತ್ತರ: ಟೆಂಟ್ ಜೊತೆ ಬರುವ ಗಿಡ್ಡ ತಂತಿ ಗೂಟ ಎರೆ ಮಣ್ಣಿಗೆ ಸಾಲದು. ಬೇಸಿಗೆಯಲ್ಲಿ ನೆಲ ಬಿರಿದು ಸಡಿಲವಾಗುತ್ತದೆ, ಮಳೆ ಬಿದ್ದರೆ ಬೆಣ್ಣೆಗೆ ಚುಚ್ಚಿದಂತೆ. ಒಂದು ಅಡಿಯ ಕಬ್ಬಿಣದ ಗೂಟವನ್ನು ಬಿರುಕಿಲ್ಲದ ಕಡೆ, ತಲೆ ಹೊರಕ್ಕೆ ವಾಲುವಂತೆ ಬಡಿಯಿರಿ. ಪ್ರತಿ ಕಾಲಿಗೂ 10–15 ಕಿಲೋ ಮಣ್ಣು ತುಂಬಿದ ಗೊಬ್ಬರದ ಚೀಲ ಕಟ್ಟಿ. ಗಾಳಿ ಇನ್ನೂ ಜೋರಾದರೆ ಹಟ ಬೇಡ, ಬಿಚ್ಚಿಬಿಡಿ.

ಸೊಳ್ಳೆ ನುಸುಳುವುದು ಹೆಚ್ಚಾಗಿ ಬುಡದಿಂದ. ಪರದೆಯ ಅಂಚನ್ನು ಒಳಕ್ಕೆ ಮಡಚಿ ಮೇಲೆ ಜಮಖಾನೆ ಹಾಸಿ. ದೀಪ ಹೊರಗೆ, ಬಾಗಿಲಿನಿಂದ ದೂರವಿರಲಿ. ರೊಟ್ಟಿ ಬಿಸಿ ಮಾಡುವ ಒಲೆಯನ್ನು ಮಾತ್ರ ಒಳಗೆ ತರಬೇಡಿ, ಒಂದು ಕಿಡಿಗೇ ನೈಲಾನ್ ಪರದೆ ಕರಗಿ ತೂತಾಗುತ್ತದೆ.