ಸಾಸ್ಕಾಟೂನ್‌ನ ಶಾಲೆಗಳ ಬಗ್ಗೆ ಕೇಳಿದ ದಂಪತಿಗೆ

13 ವರ್ಷದ ಮಗಳೊಂದಿಗೆ ಆಗಸ್ಟಿನಲ್ಲಿ ಕೆನಡಾದ ಸಸ್ಕ್ಯಾಚೆವಾನ್ ಪ್ರಾಂತ್ಯದ ಸಾಸ್ಕಾಟೂನ್‌ಗೆ ಬರಲಿರುವ ನೀವು, ಇಲ್ಲಿನ ಶಾಲೆಗಳು ತಂದೆತಾಯಿಗೆ ತಿಳಿಸದೆಯೇ ಮಕ್ಕಳನ್ನು ಬೇರೆ ಹೆಸರಿನಿಂದ, ಬೇರೆ ಲಿಂಗದವರೆಂದು ಕರೆಯುತ್ತವೆ ಎಂಬುದು ನಿಜವೇ, ಹಾಗಿದ್ದರೆ ಬೇರೆ ಪ್ರಾಂತ್ಯಕ್ಕೆ ಹೋಗುವುದು ಮೇಲೇ ಎಂದು ಕೇಳಿದ್ದೀರಿ. 2009ರಲ್ಲಿ 6 ವರ್ಷದ ಮಗುವಿನೊಂದಿಗೆ ಬಂದಿಳಿದಾಗ ನಾನು ವಿಚಾರಿಸಿದ್ದು ಶಾಲೆ ಮನೆಯಿಂದ ಎಷ್ಟು ದೂರ ಎಂಬುದನ್ನು ಮಾತ್ರ.

ಪ್ರಾಂತ್ಯದ ಪ್ರಶ್ನೆಯನ್ನು ಬಿಡಿ, ಕೆಲಸ ಸಿಕ್ಕಿದ ಕಡೆಗೆ ಹೋಗಿ. ಕೆನಡಾದಲ್ಲಿ ಶಿಕ್ಷಣ ಪ್ರಾಂತ್ಯ ಸರ್ಕಾರಗಳ ಕೈಯಲ್ಲಿದೆ. ಸರ್ಕಾರ ಬದಲಾದರೆ ನಿಯಮವೂ ಬದಲಾಗಬಹುದು: ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದಲ್ಲಿ ಇದೇ ವಿಷಯದಲ್ಲಿ 2023ರಲ್ಲಿ ಬಿಗಿಯಾದ ನಿಯಮವನ್ನು 2024ರಲ್ಲಿ ಬಂದ ಹೊಸ ಸರ್ಕಾರ ಸಡಿಲಿಸಿತು. ನಮ್ಮ ಸಸ್ಕ್ಯಾಚೆವಾನ್‌ನಲ್ಲಿ 16 ತುಂಬದ ವಿದ್ಯಾರ್ಥಿ ಲಿಂಗ ಗುರುತಿನ ಕಾರಣಕ್ಕೆ ಬಯಸುವ ಹೊಸ ಹೆಸರನ್ನಾಗಲಿ ಸರ್ವನಾಮವನ್ನಾಗಲಿ ಶಾಲೆ ಬಳಸಬೇಕಾದರೆ ಪಾಲಕರ ಒಪ್ಪಿಗೆ ಬೇಕು. 2023ರ ಆಗಸ್ಟಿನಲ್ಲಿ ಪ್ರಕಟವಾದ ಈ ನೀತಿಗೆ ಸೆಪ್ಟೆಂಬರಿನಲ್ಲಿ ನ್ಯಾಯಾಲಯ ತಡೆ ನೀಡಿತು. ಅಕ್ಟೋಬರಿನಲ್ಲಿ ಶಾಸನಸಭೆಯು, ಕೆನಡಾದ ಹಕ್ಕುಗಳ ಸನ್ನದಿನ ಕೆಲವು ಹಕ್ಕುಗಳಿಗೆ ವಿರುದ್ಧವಾದರೂ ಕಾಯ್ದೆಯನ್ನು ಜಾರಿಯಲ್ಲಿಡಲು ಅವಕಾಶ ಕೊಡುವ ಅದರ 33ನೆಯ ವಿಧಿಯನ್ನು ಬಳಸಿ ಅದನ್ನೇ ಕಾಯ್ದೆಯಾಗಿಸಿತು. ಆದ್ದರಿಂದ ನೀವು ಅಂಜುತ್ತಿರುವುದಕ್ಕೆ ಕಾನೂನಿನ ಉತ್ತರ ಇದ್ದೇ ಇದೆ.

ನಮಗಾದದ್ದು ಅದಕ್ಕೂ ಮೊದಲು, 2018ರಲ್ಲಿ. ಪಾಲಕರ ಸಭೆಯಲ್ಲಿ ಶಿಕ್ಷಕಿಯೊಬ್ಬರು ನಮ್ಮ ಮಗುವನ್ನು ನಾವು ಇಡದ ಹೆಸರಿನಿಂದ ಕರೆದುಬಿಟ್ಟರು. ಮೇಷ್ಟ್ರೂ ಅಪ್ಪನೂ ಒಂದೇ ಪಕ್ಷ ಎಂದು ನಂಬಿ ಬೆಳೆದವರು ನಾವು, ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ತರಗತಿಗೆಲ್ಲ ತಿಳಿದದ್ದು ನನಗೆ ತಿಳಿದಿಲ್ಲವೆಂಬ ಅವಮಾನದಲ್ಲಿ, ಮರುದಿನ ಮಗುವನ್ನು ಪಕ್ಕದಲ್ಲೇ ಕೂರಿಸಿಕೊಂಡು ಪ್ರಾಂಶುಪಾಲರೊಡನೆ ಮುಕ್ಕಾಲು ಗಂಟೆ ವಾದಿಸಿದೆ. ಇನ್ನು ಮುಂದೆ ಎಲ್ಲವನ್ನೂ ತಿಳಿಸುವುದಾಗಿ ಅವರು ಒಪ್ಪಿದರು. ಅಂದಿನಿಂದ ಶಾಲೆ ನನಗೆ ಎಲ್ಲವನ್ನೂ ಹೇಳಿತು, ಮಗು ಏನನ್ನೂ ಹೇಳಲಿಲ್ಲ.

‘ಯಾವಾಗ ಬಂದೆ, ಊಟ ಮಾಡಿದೆಯಾ’ ಎಂದು ಮಗುವನ್ನೇ ಕೇಳುವಾಗ ನಮ್ಮ ಕ್ರಿಯಾಪದದಲ್ಲಿ ಗಂಡು ಹೆಣ್ಣೆಂಬುದು ಇರುವುದಿಲ್ಲ. ಇನ್ನೊಬ್ಬರಿಗೆ ಹೇಳುವಾಗ ಮಾತ್ರ ‘ಬಂದ’ ಎನ್ನಬೇಕೋ ‘ಬಂದಳು’ ಎನ್ನಬೇಕೋ ಎಂಬ ಪ್ರಶ್ನೆ ಏಳುತ್ತದೆ. ಆ ಮುಕ್ಕಾಲು ಗಂಟೆಯೂ ನಾನು ಮಗುವಿನ ಬಗ್ಗೆ ಮಾತನಾಡಿದೆ, ಮಗುವನ್ನು ಒಂದು ಮಾತೂ ಕೇಳಲಿಲ್ಲ. ಈಗ ಆ ಮಗು ಬೇರೆ ಊರಿನಲ್ಲಿ ಸ್ವಂತ ದುಡಿಮೆಯ ಮೇಲೆ ನಿಂತಿದೆ, ಅದು ನನಗೆ ಹೆಮ್ಮೆ. ಭಾನುವಾರಗಳಂದು ಫೋನಿನಲ್ಲಿ ಚಳಿಯ ವಿಷಯ ಮಾತನಾಡಿಕೊಳ್ಳುತ್ತೇವೆ.

ಪಾಲಕರಿಗೆ ತಿಳಿಯಲೇಬೇಕೆಂದು ನಾನು ಈಗಲೂ ನಂಬುತ್ತೇನೆ. ಆದರೆ, ಒಪ್ಪಿಗೆ ಕೇಳುವುದರಿಂದಲೇ ವಿದ್ಯಾರ್ಥಿಗೆ ಹಾನಿಯಾಗಬಹುದಾದರೆ, ಮನೆಯಲ್ಲಿ ಹೇಗೆ ಹೇಳುವುದೆಂದು ಯೋಜಿಸಲು ತಜ್ಞರ ನೆರವು ಕೊಡಿಸಬೇಕು ಎಂಬ ಕಲಮು ಅದೇ ಕಾಯ್ದೆಯಲ್ಲಿದೆ. ಅಪ್ಪನೊಡನೆ ಮಾತನಾಡಲು ತಜ್ಞರು ಬೇಕಾಗುವಂಥ ಮನೆ ನನ್ನದೂ ಆಗಿತ್ತೆಂದು ಅದನ್ನು ಓದಿದ ದಿನ ತಿಳಿಯಿತು.

ಅಂಥ ಒಪ್ಪಿಗೆ ಪತ್ರ ಎಂದಾದರೂ ನಿಮ್ಮ ಮನೆಗೆ ಬಂದರೆ, ಅದೇ ದಿನ ಸಹಿಯನ್ನೂ ಹಾಕಬೇಡಿ, ಶಾಲೆಗೂ ಓಡಬೇಡಿ. ಮಗಳು ಹೇಳಿ ಮುಗಿಸುವವರೆಗೆ ನಡುವೆ ಬಾಯಿ ಹಾಕದೆ ಕೇಳಿಸಿಕೊಳ್ಳಿ. ತರಗತಿಗಳು ಸೆಪ್ಟೆಂಬರಿನ ಆರಂಭದಲ್ಲಿ ಶುರುವಾಗುತ್ತವೆ. ದಾಖಲಾತಿಗೆ ಅವಳನ್ನೂ ಕರೆದುಕೊಂಡು ಹೋಗಿ; ಅರ್ಜಿಯಲ್ಲಿ ವಿದ್ಯಾರ್ಥಿಯನ್ನು ಏನೆಂದು ಕರೆಯಬೇಕು ಎಂಬ ಅಂಕಣವಿದ್ದರೆ, ಅದನ್ನು ಅವಳೇ ತುಂಬಲಿ.