ಕೈಕೆಲಸ ಪ್ರಶ್ನೋತ್ತರ: ಅಂಗೈಯಗಲದ ವ್ಯಾಗನ್, ಸಂಡೂರಿನ ದೂಳು

ಈ ಸಲ ಬಂದ ಕಾಗದಗಳಲ್ಲಿ ಐದು ಪುಟಾಣಿ ಮಾದರಿ ರೈಲಿನವೇ. ಹೊಸ ಓದುಗರಿಗಾಗಿ ಒಂದು ಮಾತು: ನಾನು ಹುಬ್ಬಳ್ಳಿಯಲ್ಲಿ ಇಪ್ಪತ್ತೆಂಟು ವರ್ಷ ಅಂಗಡಿ ಬೋರ್ಡ್ ಬರೆದವ. ಫ್ಲೆಕ್ಸ್ ಬಂತು, ಬ್ರಷ್ ಮೂಲೆ ಸೇರಿತು. ಆಮೇಲೆ ಪರಿಚಯದವರೊಬ್ಬರು ಆಟಿಗೆಯಂಥ ಒಂದು ಡೀಸೆಲ್ ಎಂಜಿನ್ ತಂದು, ‘ಇದಕ್ಕೆ ನಮ್ಮ ರೈಲಿನ ಬಣ್ಣ ಹಚ್ಚಿ ಕೊಡ್ರಿ’ ಅಂದರು. ಅಲ್ಲಿಂದ ಇದೇ ಕಸುಬು.

ಎಚ್‌ಒ ಅಳತೆಯ, ಮೇಲೆ ಮುಚ್ಚಳವಿಲ್ಲದ ಸರಕಿನ ಐದು ಬಾಕ್ಸ್‌ಎನ್ ವ್ಯಾಗನ್‌ಗಳಿಗೆ ನಾನೇ ಬಣ್ಣ ಹಾಕಿದೆ. ಯಾರ್ಡಿನಲ್ಲಿ ನಿಂತ ಅಸಲಿ ವ್ಯಾಗನ್‌ಗೆ ಹೋಲಿಸಿಯೇ ಬಣ್ಣದ ಡಬ್ಬಿ ತಂದದ್ದು. ಎಲ್ಲೂ ಸೋರಿಲ್ಲ, ಗೆರೆ ಬಿದ್ದಿಲ್ಲ. ಆದರೂ ಐದೂ ಆಟಿಗೆಯಂತೆಯೇ ಕಾಣುತ್ತವೆ. ಯಾಕೆ?
— ಹೊಸಪೇಟೆಯ ಓದುಗರು

ನಿಮ್ಮ ಡಬ್ಬಿ ಸರಿ ಇದೆ, ದೂರದ ಲೆಕ್ಕ ತಪ್ಪಿದೆ. ಎಚ್‌ಒ ಅಂದರೆ 87ರಲ್ಲಿ ಒಂದು ಪಾಲು. ಸುಮಾರು 10.7 ಮೀಟರ್ ಉದ್ದದ ಬಾಕ್ಸ್‌ಎನ್ ನಿಮ್ಮ ಮೇಜಿನ ಮೇಲೆ 123 ಮಿಲಿಮೀಟರ್ ಆಗುತ್ತದೆ. ಅದನ್ನು ನೀವು ಎರಡಡಿ ದೂರದಿಂದ ನೋಡುತ್ತೀರಿ. ಅಂದರೆ ಅಸಲಿ ವ್ಯಾಗನ್ ಅನ್ನು ಐವತ್ತು ಮೀಟರಿನಾಚೆ ನಿಂತು ನೋಡಿದ ಹಾಗೆ. ಅಷ್ಟು ದೂರದಲ್ಲಿ ಯಾವ ಬಣ್ಣವೂ ಡಬ್ಬಿಯಲ್ಲಿದ್ದಷ್ಟು ಗಾಢವಾಗಿ ಕಾಣುವುದಿಲ್ಲ, ನಡುವೆ ಗಾಳಿ ಇದೆ, ಬಿಸಿಲಿದೆ. ಹತ್ತು ಪಾಲು ಕಂದು ಬಣ್ಣಕ್ಕೆ ಒಂದು ಪಾಲು ತಿಳಿ ಬೂದು ಬೆರೆಸಿ. ಗಾಲಿಚೌಕಟ್ಟಿಗೆ ಕಪ್ಪು ಬೇಡ, ಕಡುಬೂದು ಹಾಕಿ. ಬೋರ್ಡ್ ಬರೆಯುವಾಗ ಎದ್ದು ಕಾಣಲಿ ಅಂತ ಗಾಢ ಮಾಡುತ್ತಿದ್ದೆವು, ಆ ಚಟ ಬಿಡಲು ನನಗೇ ಎರಡು ವರ್ಷ ಹಿಡಿಯಿತು.

ಎರಡನೆಯದು ಹೊಳಪು. ನೀವು ಕಳಿಸಿದ ಫೋಟೊದಲ್ಲಿ ವ್ಯಾಗನ್‌ನ ಬದಿಯಲ್ಲಿ ನಿಮ್ಮ ಮನೆಯ ಟ್ಯೂಬ್‌ಲೈಟ್ ಕಾಣುತ್ತಿದೆ! ಬಣ್ಣದ ಮೇಲೊಂದು ಮ್ಯಾಟ್ ವಾರ್ನಿಷ್ ಬೇಕೇ ಬೇಕು. ಅದು ಹೊಳಪನ್ನು ಕೊಲ್ಲುತ್ತದೆ, ಮುಂದೆ ಹಾಕುವ ದೂಳಿಗೆ ಹಿಡಿತವನ್ನೂ ಕೊಡುತ್ತದೆ.

ಇನ್ನು ದೂಳು. ಐದಕ್ಕೂ ಒಂದೇ ಮಾಸಲು ಬಳಿಯಬೇಡಿ. ಮೊದಲು ಹೇಳಿ, ನಿಮ್ಮ ವ್ಯಾಗನ್ ಏನು ಹೊರುತ್ತದೆ? ಸಂಡೂರು ಕಡೆಯ ಅದಿರು ಹೊರುವುದಾದರೆ ಮೇಲಿನ ಅಂಚಿನಿಂದ ಕೆಳಕ್ಕೆ ಕೆಂಪು ಇಳಿದಿರಬೇಕು, ಉಬ್ಬುಪಟ್ಟಿಗಳ ಸಂದಿಯಲ್ಲಿ ಗಟ್ಟಿಯಾಗಿ ಕೂತಿರಬೇಕು. ಶಕ್ತಿನಗರದ ವಿದ್ಯುತ್ ಸ್ಥಾವರಕ್ಕೆ ಕಲ್ಲಿದ್ದಲು ಒಯ್ಯುವುದಾದರೆ ಕಪ್ಪು ಬೂದಿಯಂತೆ ಮಸುಕಾಗಿ ಎಲ್ಲ ಕಡೆ ಹರಡಿರಬೇಕು. ವ್ಯಾಗನ್ ಅನ್ನು ಸರಕು ಸುರಿಯಲು ಟಿಪ್ಲರ್ ಯಂತ್ರ ಹಿಡಿದು ಮಗುಚುತ್ತದಲ್ಲ, ಮೇಲಿನ ಅಂಚು ಸವೆದು ಅಲ್ಲಲ್ಲಿ ಲೋಹ ಇಣುಕುತ್ತದೆ. ಒಣಬ್ರಷ್ಷಿಗೆ ಚೂರೇ ಬೆಳ್ಳಿಬಣ್ಣ ಹಿಡಿಸಿ, ಬಟ್ಟೆಗೆ ಒರೆಸಿ, ಉಳಿದದ್ದನ್ನು ಅಂಚಿಗೆ ಸವರಿ. ಒಳಗೋಡೆಗೆ ಕಂದು ಬಣ್ಣವನ್ನೇ ಹಾಕಬೇಡಿ. ಸರಕು ಉಜ್ಜಿ ಉಜ್ಜಿ ಅಲ್ಲಿ ತುಕ್ಕು ಬಿಟ್ಟರೆ ಬೇರೇನೂ ಉಳಿದಿರುವುದಿಲ್ಲ.

ಪುಡಿ ಎಲ್ಲಿ ಸಿಗುತ್ತದೆ ಅಂತ ಕೇಳಬೇಡಿ, ನೀವಿರುವುದೇ ಹೊಸಪೇಟೆಯಲ್ಲಿ. ರಸ್ತೆಬದಿಯ ಕೆಂಪು ದೂಳು ತಂದು ಬಿಸಿಲಿಗೆ ಒಣಗಿಸಿ, ಹಳೆ ಪಂಚೆಯಲ್ಲಿ ಎರಡು ಸಲ ಸೋಸಿ. ಆಮೇಲೆ ಕಾಗದದ ಮೇಲೆ ಹರಡಿ, ಕೆಳಗಿನಿಂದ ಅಯಸ್ಕಾಂತ ಆಡಿಸಿ. ಪುಡಿ ಅದರ ಹಿಂದೆ ಓಡಿದರೆ ಬಳಸಬೇಡಿ. ಎಂಜಿನ್‌ನ ಮೋಟಾರಿನೊಳಗೂ ಅಯಸ್ಕಾಂತ ಇದೆ, ಹಳಿಯ ಮೇಲೆ ಉದುರಿದ್ದನ್ನೆಲ್ಲ ಅದು ಒಳಗೆಳೆದುಕೊಳ್ಳುತ್ತದೆ. ನಾನು ಇದನ್ನು ಕಲಿತದ್ದು ಗಿರಾಕಿಯ ಎಂಜಿನ್ ಕರ್ರ್ ಅಂತ ನಿಂತ ಮೇಲೆ. ಪುಡಿಯನ್ನು ಮೆತ್ತನೆ ಬ್ರಷ್ಷಿನಿಂದ ಮೇಲಿನಿಂದ ಕೆಳಕ್ಕೇ ಎಳೆಯಿರಿ, ಮಳೆ ಇಳಿಯುವುದು ಹಾಗೆಯೇ. ಮೇಲೆ ವಾರ್ನಿಷ್ ಹೊಡೆದಾಗ ಅರ್ಧ ಪುಡಿ ಮಾಯವಾದಂತೆ ಕಾಣುತ್ತದೆ, ಅದಕ್ಕೇ ಮೊದಲೇ ಕೊಂಚ ಜಾಸ್ತಿ ಹಾಕಿರಿ.

ಹಳೆ ಎಂಜಿನ್ ಮೇಲಿನ ಕಂಪನಿ ಬಣ್ಣ ತೆಗೆಯಲು ಥಿನ್ನರ್ ಬಳಸಬಹುದೇ ಸರ್? ಅದನ್ನು ಡಬ್ಲ್ಯುಡಿಎಂ-2 ಡೀಸೆಲ್ ಎಂಜಿನ್ ಮಾಡಬೇಕೆಂದಿದ್ದೇನೆ.
— ಮೈಸೂರಿನ ವಿದ್ಯಾರ್ಥಿ

ತಮ್ಮಾ, ಥಿನ್ನರ್ ಬಾಟಲಿಯನ್ನು ಮೊದಲು ಆಚೆ ಇಡು. ನನ್ನ ಎರಡನೇ ಗಿರಾಕಿಯ ಎಂಜಿನ್‌ಗೆ ನಾನು ಮಾಡಿದ್ದು ಅದನ್ನೇ. ಬೋರ್ಡ್ ಕೆಲಸದ ಎನ್‌ಸಿ ಥಿನ್ನರ್ ಕೈಗೆ ಸಿಕ್ಕಿತು, ಹತ್ತಿಯಲ್ಲಿ ಅದ್ದಿ ಒರೆಸಿದೆ. ಬಣ್ಣದ ಜೊತೆ ಚಾಲಕನ ಕ್ಯಾಬಿನ್ನೂ ಬಿಸಿಲಿಗಿಟ್ಟ ಬೆಲ್ಲದಂತೆ ಇಳಿಯಿತು. ಹೊಸ ಬಾಡಿ ತರಿಸಿಕೊಟ್ಟೆ, ಆ ತಿಂಗಳ ದುಡಿಮೆ ಅಷ್ಟಕ್ಕೇ ಹೋಯಿತು.

ಐಸೊಪ್ರೊಪೈಲ್ ಆಲ್ಕೊಹಾಲ್ ತಾ, ಶೇ 90ಕ್ಕಿಂತ ಮೇಲಿನದು. ಬಾಡಿಯನ್ನು ಚಾಸಿಯಿಂದ ಬಿಡಿಸು, ಗಾಜು, ದೀಪ ಎಲ್ಲ ತೆಗೆ. ಒಳಗಿನ ಕಾಣದ ಮೂಲೆಯಲ್ಲಿ ಒಂದು ಹನಿ ಬಿಟ್ಟು ನೋಡಿ, ಪ್ಲಾಸ್ಟಿಕ್ ಗಟ್ಟಿಯಾಗಿಯೇ ಇದ್ದರೆ ಅರ್ಧ ಗಂಟೆ ನೆನೆಸಿ ಹಳೆ ಹಲ್ಲುಬ್ರಷ್ಷಿನಿಂದ ಉಜ್ಜು. ಕಿಟಕಿ ತೆರೆದಿರಲಿ, ಗ್ಲೌಸ್ ಇರಲಿ, ಒಲೆ ಇರುವ ಕೋಣೆಯಲ್ಲಂತೂ ಬೇಡವೇ ಬೇಡ. ಆಮೇಲೆ ಪಾತ್ರೆ ಸೋಪಿನಲ್ಲಿ ತೊಳೆದು ಬರಿಗೈಯಲ್ಲಿ ಮುಟ್ಟದೆ ಒಣಗಿಸು. ಬೆರಳಿನ ಎಣ್ಣೆ ಕೂತ ಕಡೆ ಪ್ರೈಮರ್ ನಿಲ್ಲುವುದಿಲ್ಲ.

ಬಾಡಿ ಬರಿದಾದಾಗಲೇ ಮಿಕ್ಕ ಕುಸುರಿ ಮುಗಿಸಿಬಿಡು. ಅಚ್ಚಿನಲ್ಲೇ ಬಂದ ಕೈಹಿಡಿಗಳನ್ನು ಬ್ಲೇಡಿನಿಂದ ಹೆರೆದು, 0.4 ಮಿಮೀ ಹಿತ್ತಾಳೆ ತಂತಿ ಬಗ್ಗಿಸಿ ಕೂರಿಸು. ಬಫರಿನ ಬಳಿ ಜೋತುಬಿದ್ದ ಪೈಪುಗಳನ್ನು ವೈರಿನೊಳಗಿನ ತಾಮ್ರದ ಎಳೆಯಿಂದ ಮಾಡಬಹುದು. ಬ್ರೇಕ್ ಪೈಪಿಗೆ ಹಸಿರು, ಫೀಡ್ ಪೈಪಿಗೆ ಬಿಳಿ, ಇದು ತಪ್ಪಿದರೆ ರೈಲ್ವೆಯವರು ಮೊದಲ ನೋಟಕ್ಕೇ ನಗುತ್ತಾರೆ. ಡಬ್ಲ್ಯುಡಿಎಂ-2 ಅಮೆರಿಕದ ಆಲ್ಕೊ ಕಂಪನಿಯ ವಿನ್ಯಾಸ, 1962ರಲ್ಲಿ ನಮ್ಮಲ್ಲಿಗೆ ಬಂತು. ಹೀಗಾಗಿ ಅಮೆರಿಕನ್ ಆಲ್ಕೊ ಮಾಡೆಲ್‌ಗಳ ಬಿಡಿಭಾಗ ಅಲ್ಲಲ್ಲಿ ಹೊಂದುತ್ತವೆ. ಆದರೂ ಉದ್ದ ಅಳೆದು ನೋಡು. ಅಸಲಿ 17.12 ಮೀಟರ್, ನಿನ್ನದು 197 ಮಿಮೀ ಬರಬೇಕು.

ಮಳೆಗಾಲದಲ್ಲಿ ಸ್ಪ್ರೇ ವಾರ್ನಿಷ್ ಹೊಡೆದರೆ ಎಂಜಿನ್ ಮೇಲೆ ಬಿಳಿ ಮಂಜು ಕೂರುತ್ತದೆ.
— ಮಂಗಳೂರಿನ ಓದುಗರು

ದ್ರಾವಕ ಬೇಗ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ನಿಮ್ಮೂರಿನ ಒದ್ದೆ ಗಾಳಿ ಅಲ್ಲೇ ನೀರಾಗುತ್ತದೆ. ಕೆರೆಯಬೇಡಿ. ಮಳೆ ಬಿಟ್ಟು ಒಣಬಿಸಿಲು ಬಂದ ದಿನ ಅದೇ ವಾರ್ನಿಷ್‌ನ ತೆಳು ಪದರ ಇನ್ನೊಂದು ಹೊಡೆಯಿರಿ, ಬಹಳ ಸಲ ಮಂಜು ಕರಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೈಹಿಡಿ ಬಗ್ಗಿಸುವ ಕೆಲಸ ಇಟ್ಟುಕೊಳ್ಳಿ.

ವ್ಯಾಗನ್ ನಂಬರ್ ಬರೆಯುವುದು ಹೇಗೆ? ಮನೆಯ ಪ್ರಿಂಟರಿನಲ್ಲಿ ಡೆಕಾಲ್ (ಮೈಗೆ ಅಂಟಿಸುವ ಅಕ್ಷರದ ತೆಳು ಪೊರೆ) ತೆಗೆದರೆ ಬಿಳಿ ಅಕ್ಷರ ಬರುವುದೇ ಇಲ್ಲ.
— ಬೆಂಗಳೂರಿನ ಓದುಗರು

ಬರುವುದಿಲ್ಲ, ಆ ಪ್ರಿಂಟರಿನಲ್ಲಿ ಬಿಳಿ ಶಾಯಿಯೇ ಇಲ್ಲ. ಬಿಳಿ ಟೋನರ್ ಇರುವ ಲೇಸರ್ ಪ್ರಿಂಟರಿನವರನ್ನು ಹುಡುಕಿ. ಕೈಯಲ್ಲೇ ಬರೆಯುವಿರಾ ಎಂದು ನನ್ನನ್ನೂ ಕೆಲವರು ಕೇಳುತ್ತಾರೆ. ಒಂದು ವ್ಯಾಗನ್‌ಗೆ ಬರೆದಿದ್ದೆ. 100 ಮಿಮೀ ಎತ್ತರದ ಅಂಕಿ ಇಲ್ಲಿ 1.15 ಮಿಮೀ. ಸೊನ್ನೆ ಸೊನ್ನೆ ಸೊನ್ನೆ ನಂಬರಿನ ತೀರಾ ಸಣ್ಣ ಬ್ರಷ್ ಹಿಡಿದು ಏಳನೇ ಅಂಕಿವರೆಗೆ ಉಸಿರು ಕಟ್ಟಿದೆ, ಎಂಟನೆಯದು ಇಂಗ್ಲಿಷಿನ ಎಂಟೂ ಅಲ್ಲ, ಕನ್ನಡದ ಎಂಟೂ ಅಲ್ಲ. ಈಗ ಡೆಕಾಲೇ. ಅಂಟಿಸುವ ಮೊದಲು ಹೊಳಪು ವಾರ್ನಿಷ್ ಹಾಕಿರಿ, ಒರಟು ಮೈಯಾದರೆ ಕೆಳಗೆ ಗಾಳಿ ಸಿಕ್ಕಿ ಬೆಳ್ಳಿಯಂತೆ ಮಿಂಚುತ್ತದೆ. ಮ್ಯಾಟ್ ಆಮೇಲೆ.

ಬಾಯಿಗೆ ಬಂದ ನಂಬರ್ ಮಾತ್ರ ಹಾಕಬೇಡಿ. ನಮ್ಮ ವ್ಯಾಗನ್‌ಗೆ 11 ಅಂಕಿ: ಎರಡು ಬಗೆಗೆ, ಎರಡು ಯಾವ ರೈಲ್ವೆಯದು ಎಂಬುದಕ್ಕೆ, ಎರಡು ತಯಾರಾದ ವರ್ಷಕ್ಕೆ, ನಾಲ್ಕು ಅದರದೇ ಸಂಖ್ಯೆ, ಕೊನೆಯದು ಮಿಕ್ಕವು ಸರಿಯಿವೆಯೇ ಎಂದು ನೋಡುವ ತಾಳೆ ಅಂಕಿ. ಮೊದಲ ಹತ್ತು ಅಂಕಿ 1015081234 ಅಂತಿಟ್ಟುಕೊಳ್ಳಿ. ಎರಡು, ನಾಲ್ಕು, ಆರು, ಎಂಟು, ಹತ್ತನೇ ಸ್ಥಾನದ ಅಂಕಿಗಳನ್ನು ಕೂಡಿದರೆ 19, ಮೂರರಿಂದ ಗುಣಿಸಿದರೆ 57. ಉಳಿದವುಗಳ ಮೊತ್ತ 6. ಒಟ್ಟು 63. ಮುಂದಿನ ಹತ್ತರ ಗುಣಕ 70ಕ್ಕೆ ಏಳು ಕಡಿಮೆ, ಹಾಗಾಗಿ ಕೊನೆಯ ಅಂಕಿ 7. ಯಾರೂ ಎಣಿಸುವುದಿಲ್ಲ ಅಂತೀರಾ? ನನ್ನ ಗಿರಾಕಿಯೊಬ್ಬರು ನಿವೃತ್ತ ಗೂಡ್ಸ್ ಗಾರ್ಡ್, ಅವರು ಎಣಿಸುತ್ತಾರೆ.

ಎಚ್‌ಒ ಹಳಿಗಳ ನಡುವಿನ ಅಂತರ 16.5 ಮಿಮೀ. ಅದು 1435 ಮಿಮೀ ಗೇಜಿನ ಲೆಕ್ಕ. ನಮ್ಮ ಬ್ರಾಡ್‌ಗೇಜ್ 1676 ಮಿಮೀ, ಅದಕ್ಕೆ 19.3 ಮಿಮೀ ಇರಬೇಕಲ್ಲವೇ? ಇಷ್ಟೆಲ್ಲ ಬಣ್ಣ ಬಳಿದು ಬುಡದಲ್ಲೇ ತಪ್ಪು ಮಾಡಿದಂತಾಗಲಿಲ್ಲವೇ?
— ಧಾರವಾಡದ ಓದುಗರು

ಆಯಿತು, ಒಪ್ಪಿದೆ. ಎದುರಿನಿಂದ ನೋಡಿದರೆ ಕಾಣುತ್ತದೆ, ಪಕ್ಕದಿಂದ ಕಾಣುವುದಿಲ್ಲ. ನಾನು ಪಕ್ಕದಲ್ಲಿ ನಿಲ್ಲುತ್ತೇನೆ. ಎಲ್ಲವೂ ಅಳತೆಗೆ ಸರಿಯಿರಬೇಕೆಂದು ಹಟ ಹಿಡಿದರೆ ನಮ್ಮ ಹುಬ್ಬಳ್ಳಿಯ 1507 ಮೀಟರ್ ಪ್ಲಾಟ್‌ಫಾರಂ ಒಂದಕ್ಕೇ 17 ಮೀಟರಿಗೂ ಹೆಚ್ಚು ಜಾಗ ಬೇಕು. ಪಡಸಾಲೆ, ಅಡುಗೆಮನೆ, ಹಿತ್ತಲು ಸೇರಿಸಿ ನಮ್ಮ ಮನೆ ಹನ್ನೊಂದು ಮೀಟರ್.