ಹಳೆ ಜರ್ಮನ್ ಸೈನ್ಯದ ಮೌಸರ್ 98ಕೆ ರೈಫಲ್‌ನ ಸ್ಟಾಕ್, ಅಂದರೆ ಲೋಹ ಕೂರಿಸುವ ಮರದ ಒಡಲು, ಎರಡು ತುಂಡಾಗಿದೆ. ಅಂಟಿಸಬಹುದಾ, ಹೊಸದು ಹಾಕಿಸಬೇಕಾ?

ಅಂಟಿಸಿ. ಹೊಸದು ಬೇಡ.

ರೈಫಲ್ ಕೆಳಗೆ ಬಿತ್ತು, ಟ್ರಿಗರ್ ಹಿಂದೆ ಕೈ ಹಿಡಿಯುವ ಸಣ್ಣ ಜಾಗದಲ್ಲಿ ಸ್ಟಾಕ್ ಮುರಿಯಿತು, ಬಡಗಿ ಹೊಸ ಮರ ಹಾಕೋಣ ಅಂದರು ಎಂದು ಬರೆದಿದ್ದೀರಿ. ಒಪ್ಪಬೇಡಿ. 98ಕೆಯಲ್ಲಿ ಸೀರಿಯಲ್ ನಂಬರನ್ನು ಸ್ಟಾಕ್ ಒಳಗೂ ಒತ್ತುತ್ತಿದ್ದರು. ನಳಿಗೆ ಕೂರುವ ಕಾಲುವೆಯನ್ನು ಟಾರ್ಚ್ ಹಾಕಿ ನೋಡಿ. ಲೋಹದ ಮೇಲಿನ ನಂಬರೂ ಅದೂ ಒಂದೇ ಆಗಿದ್ದರೆ, ನಿಮ್ಮ ಮುರಿದ ಸ್ಟಾಕ್ ಯಾವ ಹೊಸ ಸ್ಟಾಕ್‌ಗಿಂತಲೂ ಜಾಸ್ತಿ ಬೆಲೆಯದ್ದು. ಸಂಗ್ರಹಕಾರರು ಒಳ್ಳೆ ದುರಸ್ತಿಯನ್ನು ಒಪ್ಪುತ್ತಾರೆ. ಬದಲಿ ಮರವನ್ನು ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ.

ಈ ಜಾಗವೇ ಯಾಕೆ ಮುರಿಯಿತು ಅಂದರೆ, ಇಡೀ ಸ್ಟಾಕ್‌ನಲ್ಲಿ ಮರ ತೀರಾ ತೆಳ್ಳಗಾಗುವುದು ಇಲ್ಲೇ. ಅದರ ಹತ್ತಿರವೇ, ಲೋಹವನ್ನು ಮರಕ್ಕೆ ಬಿಗಿಯುವ ಹಿಂದಿನ ಸ್ಕ್ರೂಗೆ ತೂತು ಕೊರೆದಿರುತ್ತಾರೆ. ಮರದ ಎಳೆ ಸ್ವಲ್ಪ ಓರೆಯಾಗಿದ್ದರಂತೂ ಒಂದೇ ಏಟಿಗೆ ಸೀಳುತ್ತದೆ.

ಮೊದಲು ಒಳಗೆ ಗುಂಡಿಲ್ಲ ಎಂದು ಕಣ್ಣಾರೆ ನೋಡಿ, ಬೋಲ್ಟ್ (ಗುಂಡು ತುಂಬಲು ಹಿಂದೆ ಮುಂದೆ ಎಳೆಯುವ ಭಾಗ) ತೆಗೆದಿಡಿ. ಆಮೇಲೆ ಲೋಹದ ಭಾಗವನ್ನೆಲ್ಲ ಬಿಚ್ಚಿ. ಬಡಗಿಯ ಕೈಗೆ ಮರ ಮಾತ್ರ ಹೋಗಲಿ, ಲೋಹ ನಿಮ್ಮ ಬಳಿಯೇ ಇರಲಿ. ಬಿದ್ದ ಜಾಗದಲ್ಲಿ ಮರದ ಚಕ್ಕೆ, ಸಿಬಿರು ಏನೇ ಸಿಕ್ಕಿದರೂ ಎತ್ತಿಡಿ. ಮುರಿದ ಮುಖಗಳನ್ನು ಮಾತ್ರ ಉಜ್ಜಬೇಡಿ, ಕೆತ್ತಬೇಡಿ. ಆ ಒರಟು ಹಲ್ಲುಗಳು ಒಂದಕ್ಕೊಂದು ಕೂತರೇನೇ ಬೆಸುಗೆ ಕಾಣದ ಹಾಗೆ ಮುಚ್ಚುವುದು.

ಈಗ ಎಲ್ಲಕ್ಕಿಂತ ಮುಖ್ಯವಾದ ಕೆಲಸ. ಹಳೆ ಸೈನ್ಯದ ರೈಫಲ್‌ಗಳ ಮರ ದಶಕಗಟ್ಟಲೆ ಎಣ್ಣೆ ಕುಡಿದಿರುತ್ತದೆ. ಮುರಿದ ಮುಖವನ್ನು ಬೆಳಕಿಗೆ ಹಿಡಿದು ನೋಡಿ. ಲೋಹ ತಾಗುವ ಕಡೆ ಎಳೆಗಳು ಕಪ್ಪಾಗಿ, ಬೆರಳಿಗೆ ಜಿಡ್ಡು ಹತ್ತುವ ಹಾಗಿದ್ದರೆ ಅಲ್ಲಿ ಅಂಟು ಹಿಡಿಯುವುದೇ ಇಲ್ಲ. ಅಂಟಿಸಿದ ಸ್ಟಾಕ್ ಮತ್ತೆ ಬಿಟ್ಟುಕೊಂಡಿತು ಎಂದು ದೂರುವವರಲ್ಲಿ ಹೆಚ್ಚಿನವರು ಈ ಎಣ್ಣೆಯನ್ನು ತೆಗೆದಿರುವುದಿಲ್ಲ ಎಂದೇ ನನ್ನ ಅನಿಸಿಕೆ. ಹಳೆ ಹಲ್ಲುಜ್ಜುವ ಬ್ರಷ್‌ನಲ್ಲಿ ಅಸಿಟೋನ್ ಹಚ್ಚಿ ತೊಳೆಯಿರಿ, ಬಟ್ಟೆಯಿಂದ ಒತ್ತಿ ಒರೆಸಿ. ಕಿಟಕಿ ತೆರೆದಿರಲಿ, ಹತ್ತಿರದಲ್ಲಿ ಬೆಂಕಿ ಬೇಡ. ಆಮೇಲೆ ಸೀಮೆಸುಣ್ಣದ ನುಣ್ಣನೆ ಪುಡಿಯನ್ನು ಅಸಿಟೋನ್‌ನಲ್ಲಿ ಕಲಸಿ ಬಳಿದು ಒಣಗಲು ಬಿಡಿ. ಪುಡಿ ಎಣ್ಣೆ ಹೀರಿ ಕಂದು ಬಣ್ಣಕ್ಕೆ ತಿರುಗುತ್ತದೆ. ಅದನ್ನು ಉದುರಿಸಿ ಮತ್ತೆ ಬಳಿಯಿರಿ. ಪುಡಿ ಬಿಳಿಯಾಗಿಯೇ ಉಳಿಯುವವರೆಗೂ ಬಿಡಬೇಡಿ. ಬೇಜಾರಿನ ಕೆಲಸವೇ, ಆದರೆ ದುರಸ್ತಿ ನಿಲ್ಲುವುದು ಇದರ ಮೇಲೆ.

ಅಂಟು ಎರಡು ಭಾಗ ಬೆರೆಸಿ ಹಚ್ಚುವ ಎಪಾಕ್ಸಿಯೇ ಆಗಬೇಕು, ಅದೂ ನಿಧಾನಕ್ಕೆ ಗಟ್ಟಿಯಾಗುವಂಥದ್ದು. 5 ನಿಮಿಷದ್ದು ಬೇಡ. ತುಂಡುಗಳನ್ನು ಕೂಡಿಸುವಷ್ಟರಲ್ಲಿ ಅದು ಬಿಗಿದುಕೊಳ್ಳುತ್ತದೆ. ಬಡಗಿಗಳ ಬಿಳಿ ಅಂಟು ಕುರ್ಚಿ ಮೇಜಿಗೆ ಸರಿ, ಎಣ್ಣೆ ಕಂಡ ಮರಕ್ಕಲ್ಲ. ಅಂಟು ಹಚ್ಚುವ ಮೊದಲು ತುಂಡುಗಳನ್ನು ಸುಮ್ನೆ ಒಮ್ಮೆ ಕೂಡಿಸಿ, ಹೇಗೆ ಬಿಗಿಯಬೇಕು ಅಂತ ನೋಡಿಕೊಳ್ಳಿ. ಹೇರ್ ಡ್ರೈಯರ್‌ನಿಂದ ಮರವನ್ನು ತುಸು ಬೆಚ್ಚಗೆ ಮಾಡಿದರೆ ಎಪಾಕ್ಸಿ ತೆಳುವಾಗಿ ಎಳೆಗಳ ಒಳಕ್ಕೆ ಇಳಿಯುತ್ತದೆ. ಈ ದುಂಡು ಜಾಗಕ್ಕೆ ಕ್ಲಾಂಪ್ ಕೂರುವುದು ಕಷ್ಟ. ಸೈಕಲ್ ಟ್ಯೂಬನ್ನು ಪಟ್ಟಿಯಾಗಿ ಕತ್ತರಿಸಿ ಎಳೆದೆಳೆದು ಸುತ್ತಿ, ಎಲ್ಲ ಕಡೆಯೂ ಒಂದೇ ಸಮನೆ ಒತ್ತುತ್ತದೆ. ಸ್ಕ್ರೂ ತೂತಿನೊಳಗೆ ಅಂಟು ಹೋಗದಂತೆ ಮೇಣ ತುಂಬಿ. 24 ಗಂಟೆ ಮುಟ್ಟಬೇಡಿ.

ಇಷ್ಟರ ಮೇಲೆ ಬಲಕ್ಕೆ ಒಂದು ಹಿತ್ತಾಳೆ ಸರಳು ಹಾಕಿಸಿ. ಸ್ಕ್ರೂವಿನ ಹಾಗೆ ಸುರುಳಿ ಗೀರು ಇರುವ ಸರಳಾದರೆ ಎಪಾಕ್ಸಿ ಚೆನ್ನಾಗಿ ಕಚ್ಚುತ್ತದೆ. ಲೋಹ ಕೂರುವ ಒಳಬದಿಯಿಂದ, ಬಿರುಕನ್ನು ದಾಟುವ ಹಾಗೆ ಹಿಂದಕ್ಕೆ ಓರೆಯಾಗಿ ಕೊರೆದರೆ ಹೊರಗೆ ಏನೂ ಕಾಣುವುದಿಲ್ಲ. ಇದು ಕೈ ಪಳಗಿದವರ ಕೆಲಸ. ನಿಮ್ಮ ಬಡಗಿಯ ಸಹಾಯ ಬೇಕಾಗುವುದು ಇಲ್ಲೇ. ಸರಳು ಹಾಕಿದರೆ ಅಸಲಿತನ ಹೋಯಿತು ಅಂತ ಅನುಮಾನ ಬೇಡ. ಸೈನ್ಯದ ಕಾರ್ಖಾನೆಗಳೇ ಪಿನ್ನು, ಸ್ಕ್ರೂ, ಮರದ ತೇಪೆ ಹಾಕಿ ಸ್ಟಾಕ್‌ಗಳನ್ನು ಉಳಿಸಿಕೊಳ್ಳುತ್ತಿದ್ದವು. ಪಶ್ಚಿಮ ಬಂಗಾಳದ ಇಶಾಪುರದ ಬಂದೂಕು ಕಾರ್ಖಾನೆ, ಬ್ರಿಟಿಷ್ ಸೈನ್ಯದ ಲೀ-ಎನ್‌ಫೀಲ್ಡ್ ರೈಫಲ್‌ಗಳ ಮುಂಭಾಗದ ಮರಕ್ಕೆ ಹಾಕಿದ ಅಡ್ಡ ಸ್ಕ್ರೂ ಇಂದಿಗೂ ಆ ರೈಫಲ್‌ಗಳ ಗುರುತು.

ಲೀ-ಎನ್‌ಫೀಲ್ಡ್ ಅಂದಾಗ ಒಂದು ಮಾತು, ಅದನ್ನು ಇಟ್ಟುಕೊಂಡವರಿಗೆ. ಅದರ ಮರ ಹಿಂದೆ ಮುಂದೆ ಎರಡು ತುಂಡು. ನಂಬರ್ 1 ಮಾರ್ಕ್ 3 ಎಂಬ ಮಾದರಿಯಲ್ಲಿ ಹಿಂದಿನ ಮರ ಹಿಡಿದಿರುವ ಉದ್ದ ಬೋಲ್ಟ್ ತಿರುಗಿಸುವ ಮೊದಲು ಮುಂಭಾಗದ ಮರ ಬಿಚ್ಚಲೇಬೇಕು. ಆ ಬೋಲ್ಟ್‌ನ ಚೌಕ ತುದಿ ಮುಂದಿನ ಮರದೊಳಗಿನ ತಗಡಿಗೆ ಸಿಕ್ಕಿಕೊಂಡಿರುತ್ತದೆ. ಹಾಗೇ ತಿರುಗಿಸಿದರೆ ಚೆನ್ನಾಗಿದ್ದ ಮರ ನಿಮ್ಮ ಕೈಯಲ್ಲೇ ಸೀಳಿಹೋಗುತ್ತದೆ.

ಮೇಲ್ಮೈಗೆ ಸ್ಯಾಂಡ್ ಪೇಪರ್ ತಾಗಿಸಲೇಬೇಡಿ, ದಯವಿಟ್ಟು. ಮರದ ಮೇಲೆ ಒತ್ತಿರುವ ತಪಾಸಣೆಯ ಮುದ್ರೆಗಳು ಒಮ್ಮೆ ಅಳಿಸಿದರೆ ವಾಪಸ್ ಬರುವುದಿಲ್ಲ. ತಗ್ಗು ಬಿದ್ದಲ್ಲಿ, ಮುದ್ರೆ ಇಲ್ಲದ ಕಡೆ ಮಾತ್ರ, ಒದ್ದೆ ಬಟ್ಟೆ ಇಟ್ಟು ಇಸ್ತ್ರಿಪೆಟ್ಟಿಗೆಯ ಬಿಸಿ ಮುಟ್ಟಿಸಿದರೆ ಮರ ಉಬ್ಬಿಕೊಳ್ಳುತ್ತದೆ. ಕೊನೆಗೆ ಅಗಸೆ ಎಣ್ಣೆಯನ್ನು ತೆಳ್ಳಗೆ ಕೈಯಿಂದ ಉಜ್ಜಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದುರಿ ಎಸೆಯಬೇಡಿ, ಅದು ತಾನಾಗೇ ಕಾದು ಹೊತ್ತಿಕೊಳ್ಳುತ್ತದೆ. ಹೊರಗೆ ಹರಡಿ ಒಣಗಿಸಿ.

ಗುಂಡು ಹಾರಿಸಬಹುದಾ ಎಂದೂ ಕೇಳಿದ್ದೀರಿ. ನಾನಾದರೆ ಹಾರಿಸುವುದಿಲ್ಲ, ಪ್ರದರ್ಶನಕ್ಕಷ್ಟೇ ಇಟ್ಟುಕೊಳ್ಳುತ್ತೇನೆ. ಹಾರಿಸಲೇಬೇಕು ಅಂದರೆ ಬಂದೂಕು ರಿಪೇರಿ ಬಲ್ಲವರಿಗೆ ಮೊದಲು ತೋರಿಸಿ. ಲೋಹದ ಹಿಂತುದಿಗೂ ಮರಕ್ಕೂ ನಡುವೆ ಕೂದಲೆಳೆಯಷ್ಟು ಸಂದು ಇದೆಯಾ ಅಂತ ಕೇಳಿ. ಇಲ್ಲದಿದ್ದರೆ ಪ್ರತಿ ಗುಂಡಿನ ಒದೆತವೂ ಅದೇ ಜಾಗಕ್ಕೆ ಬೆಣೆ ಹೊಡೆದ ಹಾಗೆ.